ಧನುರ್ಮಾಸದಲ್ಲಿ ಗೇರು ಬೀಳದ ಕಾರು

"ಕೀ ಮುಟ್ಬೇಡಿ ಮೇಷ್ಟ್ರೇ. ನಾನು ಹೇಳೋ ತನಕ ಬಾಗಿಲೂ ತೆಗೀಬೇಡಿ."

ಬೆಳಗಿನ ಜಾವ, ಆರು ಗಂಟೆಗೆ ಇನ್ನೂ ಹೊತ್ತಿದೆ. ಬುಕ್ಕಾಪಟ್ಟಣದ ಒಂದು ಮನೆಯಂಗಳ. ದೇವಸ್ಥಾನದ ಮೈಕು ಆಗಲೇ ಶುರುವಾಗಿದೆ. ಧನುರ್ಮಾಸದ ಪೂಜೆಗೆ ಹೊರಟವರು ಟವೆಲ್ಲು, ಶಾಲು ಸುತ್ತಿಕೊಂಡು ರಸ್ತೆಯಲ್ಲಿ ಹಾದು ಹೋಗುತ್ತಿದ್ದಾರೆ. ಹುಣಸೆ ಮರದ ಕೆಳಗೆ ನಿಂತ ಕಾರಿನ ಗಾಜಿನ ಮೇಲೆ ಇಬ್ಬನಿ ಕೂತಿದೆ. ಟಾರ್ಚು ನಿಮ್ಮ ಕೈಗೆ ಬಂದಿದೆ, ಹಿಡಿಯುವ ಕೆಲಸ ನಿಮ್ಮದು. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗೆ ಕೊರೆಯುತ್ತದೆ. ಮೆಕ್ಯಾನಿಕ್ಕಿಗೆ ಬೇಕಾಗಿರುವುದು ಈ ತಣ್ಣನೆಯೇ. ಅದಕ್ಕೆಂದೇ ಆತ ಮಂಕಿ ಕ್ಯಾಪ್ ಹಾಕಿಕೊಂಡು, ಕತ್ತಲಲ್ಲೇ ಶಿರಾದಿಂದ ಬೈಕಿನಲ್ಲಿ ಬಂದಿದ್ದಾನೆ.

ಬೆಳಿಗ್ಗೆ ಗೇರು ತಡವಾಗಿ ಬೀಳುವ ಈ ಕಾರನ್ನು ಮೇಷ್ಟ್ರು ಹಿಂದೆ ಬೇರೆ ಬೇರೆ ಕಡೆ ತೋರಿಸಿದ್ದಾರೆ. ಆದರೆ ತೋರಿಸಿದ್ದೆಲ್ಲ ಹನ್ನೊಂದು ಗಂಟೆ ಮೇಲೆ. ಬುಕ್ಕಾಪಟ್ಟಣದಿಂದ ಓಡಿಸಿಕೊಂಡು ಹೋಗುವಷ್ಟರಲ್ಲಿ ಇಂಜಿನ್ನು ಬೆಚ್ಚಗಾಗಿರುತ್ತದೆ, ಮೇಲೆ ಶಿರಾದ ಬಿಸಿಲು. ಅಲ್ಲಿ ಡಿಗೆ ಹಾಕಿದರೆ ಕಾರು ಹಾಲು ಕುಡಿದ ಮಗುವಿನ ಹಾಗೆ ಮುಂದಕ್ಕೆ ಹೋಗುತ್ತದೆ. "ಏನೂ ಇಲ್ವಲ್ಲ ಸಾರ್" ಎಂದು ಒಂದು ಕಡೆ ಕೈಯಾಡಿಸಿಬಿಟ್ಟರು. ಇನ್ನೊಂದು ಕಡೆ, ಗೇರ್‌ಬಾಕ್ಸೇ ಹೋಗಿದೆ, ಬೆಂಗಳೂರಿಂದ ಹಳೇದೊಂದು ತರಿಸೋಣ ಎಂದರು. ಚಳಿಯಲ್ಲಿ ಕಾಣುವ ರೋಗವನ್ನು ಚಳಿಯಲ್ಲೇ ನೋಡಬೇಕೆಂದು ಯಾರಿಗೂ ಹೊಳೆದಂತಿಲ್ಲ. ರಾತ್ರಿಯೆಲ್ಲ ನಿಂತ ಕಾರು ಪೂರ್ತಿ ತಣ್ಣಗೆ ಸ್ಟಾರ್ಟ್ ಆಗುವುದು ದಿನಕ್ಕೆ ಒಂದೇ ಸಲ. ಆ ಒಂದು ಅವಕಾಶವನ್ನು ಅವಸರದಲ್ಲಿ ಕಳೆದುಕೊಂಡರೆ ಮತ್ತೆ ನಾಳೆ ಬೆಳಗಿನವರೆಗೆ ಕಾಯಬೇಕು.

ಮೇಷ್ಟ್ರು ನಿವೃತ್ತರು. ಎಡಮೊಣಕಾಲು ನೋವು, ಕ್ಲಚ್ ತುಳಿಯಲಾಗದು, ಹಾಗಾಗಿ ಆಟೊಮ್ಯಾಟಿಕ್. ಇವತ್ತು ಹಳ್ಳಿ ಕಡೆಯೂ ಕ್ಲಚ್ ಪೆಡಲಿಲ್ಲದ ಕಾರುಗಳು ಕಾಣಿಸುತ್ತವಲ್ಲ, ಬಹುಪಾಲು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋದೊಂದಿಗೆ ನಮ್ಮಲ್ಲಿಗೆ ಬಂದ ನಮೂನೆ ಅದು. ಒಳಗಿರುವುದು ಮಾಮೂಲಿ ಗೇರು, ಮಾಮೂಲಿ ಕ್ಲಚ್ಚು. ಕಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಮೇಷ್ಟ್ರದ್ದು ಅದಕ್ಕಿಂತ ಹಳೆಯ ಕಾಲದ್ದು, ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ ಗಾಡಿ. ಹೊರಡುವಾಗ ಇಂಜಿನ್ನಿಗೂ ಗೇರಿಗೂ ನಡುವೆ ಗಟ್ಟಿ ಕೊಂಡಿಯೇ ಇರುವುದಿಲ್ಲ. ಎಣ್ಣೆ ತುಂಬಿದ ಒಂದು ದುಂಡನೆ ಡಬ್ಬಿ. ಇಂಜಿನ್ ಕಡೆಯ ರೆಕ್ಕೆ ಎಣ್ಣೆಯನ್ನು ಎರಚುತ್ತದೆ, ಆ ರಭಸಕ್ಕೆ ಗೇರಿನ ಕಡೆಯ ರೆಕ್ಕೆ ತಿರುಗುತ್ತದೆ. ಗೇರು ಬದಲಾಗುವುದೂ ಎಣ್ಣೆಯ ಒತ್ತಡದಿಂದಲೇ. ಎಣ್ಣೆ ಇಲ್ಲದಿದ್ದರೆ ಇದೊಂದು ತೂಕದ ಕಬ್ಬಿಣ.

"ರಟ್ಟು ಹಾಕಿದ್ರಾ ರಾತ್ರಿ?"

"ಹಾಕಿದೀನಿ ಭಾಯ್, ನೀವು ಫೋನಲ್ಲಿ ಹೇಳ್ದಂಗೆ."

ಬಗ್ಗಿ, ಟಾರ್ಚು ಬಿಡಿ. ಕಾರಿನ ಕೆಳಗೆ ಬಿಚ್ಚಿ ಹಾಸಿದ ರಟ್ಟಿನ ಪೆಟ್ಟಿಗೆ. ಮೆಕ್ಯಾನಿಕ್ಕು ಅದನ್ನು ಹಾಗೇ ಈಚೆಗೆ ಎಳೆಯುವುದಿಲ್ಲ. ಮೊದಲು ಜೇಬಿನ ಪೆನ್ನಿನಿಂದ ಅದರ ಮೂಲೆಗೆ ಚಕ್ರದ ಗುರುತು ಹಾಕುತ್ತಾನೆ, ಆಮೇಲೆ ಎಳೆಯುತ್ತಾನೆ. ಎಡಗಡೆ ಮುಂದಿನ ಚಕ್ರದ ಒಳಬದಿಗೆ ಸರಿಯಾಗಿ, ಐದು ರೂಪಾಯಿ ನಾಣ್ಯದಗಲದ ಒಂದು ಕಲೆ. ಇಂಜಿನ್ ಆಯಿಲಾಗಿದ್ದರೆ ಕಪ್ಪಗಿರುತ್ತಿತ್ತು, ರೇಡಿಯೇಟರಿನದಾಗಿದ್ದರೆ ನೀರಾಗಿ ಹಸಿರು ಹರಡುತ್ತಿತ್ತು. ಇದು ಕೆಂಪು ತಿರುಗಿದ ಕಂದು, ಅಂಚು ಜಿಡ್ಡುಜಿಡ್ಡು. ಆತ ಏನೂ ಹೇಳದೆ ರಟ್ಟನ್ನು ಗೋಡೆಗೆ ಒರಗಿಸಿಡುತ್ತಾನೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರುವ ಆಸಾಮಿಯಲ್ಲ.

ಮುಂದಿನದು ಬ್ಯಾಟರಿ. ಚಳಿಯಲ್ಲಿ ಹಳೇ ಬ್ಯಾಟರಿ ಕುಸಿದರೆ ಸ್ಟಾರ್ಟ್ ಹೊಡೆಯುವ ಹೊತ್ತಿಗೆ ಗೇರಿನ ಕಂಪ್ಯೂಟರಿಗೆ ಬೇಕಾದಷ್ಟು ಕರೆಂಟು ಸಿಗುವುದಿಲ್ಲ. ಅದು ದಿಗಿಲುಬಿದ್ದು ಒಂದೇ ಗೇರಿನಲ್ಲಿ ಕಾರನ್ನು ನಿಲ್ಲಿಸಿಕೊಂಡುಬಿಡುತ್ತದೆ. ಜನ ಗೇರ್‌ಬಾಕ್ಸು ಬಿಚ್ಚಿಸುತ್ತಾರೆ, ದೋಷ ಬ್ಯಾಟರಿಯದು. ಮೀಟರಿನ ಕಡ್ಡಿಗಳನ್ನು ಟರ್ಮಿನಲ್ಲಿಗೆ ಇಟ್ಟ: 12.4 ವೋಲ್ಟ್. ಪರವಾಗಿಲ್ಲ.

"ಈಗ ಕೂತ್ಕೊಳಿ ಮೇಷ್ಟ್ರೇ. ಬ್ರೇಕ್ ಮೇಲೆ ಕಾಲು ಗಟ್ಟಿ ಇರ್ಲಿ. ರೇಸ್ ಮುಟ್ಬಾರ್ದು. ಸ್ಟಾರ್ಟ್ ಹೊಡೀರಿ."

ಇಂಜಿನ್ನು ಹಿಡಿಯಿತು. ಮೀಟರು 10.3ಕ್ಕೆ ಇಳಿದು ಮೇಲೆದ್ದಿತು, ಬ್ಯಾಟರಿ ನಿರಪರಾಧಿ. ತಣ್ಣನೆ ಇಂಜಿನ್ನು, ಆರ್‌ಪಿಎಂ 1,500ರ ಹತ್ತಿರ ಗುಂಯ್‌ಗುಟ್ಟುತ್ತಿದೆ. ಆ ಸದ್ದಿನ ಒಳಗೆ ಇನ್ನೊಂದು ಸಣ್ಣ ಸದ್ದು ಇದೆ, ಕಿವಿಗೊಡಿ. ಕುಂಯ್ ಅನ್ನುವ ಒಂದು ತೆಳು ಎಳೆ. ಮೆಕ್ಯಾನಿಕ್ಕು ತಲೆಯಾಡಿಸಿದ. ಅದು ಗೇರ್‌ಬಾಕ್ಸಿನ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆದುಕೊಳ್ಳುವ ಸದ್ದು.

"ದಿನಾ ಯಾವ್ ಗೇರು ಲೇಟಾಗೋದು?"

"ಡಿ. ಹಾಕಿ ಐದಾರು ಎಣಿಸ್ಬೇಕು. ಆಮೇಲೆ ಧಡ್ ಅಂತ ಬೀಳ್ತೈತೆ."

"ಹಂಗಾದ್ರೆ ಇವತ್ತು ಮೊದ್ಲು ಆರ್ ಹಾಕಿ."

ನೀವು ಎಣಿಸಬೇಕು. ಲಿವರ್ ಆರ್‌ಗೆ ಬಂತು. ಒಂದು, ಎರಡು, ಮೂರು... ಕಾರು ಅಲುಗಲಿಲ್ಲ. ನಾಲ್ಕು, ಐದು. ಆರು ಅನ್ನುವಷ್ಟರಲ್ಲಿ ಇಡೀ ಗಾಡಿ ಒಮ್ಮೆ ಜರ್ಕ್ ಹೊಡೆದು ಹಿಂದಕ್ಕೆ ತುಯ್ದಿತು. "ಈಗ ಎನ್. ಈಗ ಡಿ." ಒಂದು, ಎರಡು, ಬಿತ್ತು.

ಮೇಷ್ಟ್ರಿಗೆ ಆಶ್ಚರ್ಯ. ಡಿ ಇಷ್ಟು ಬೇಗ ಬಿದ್ದದ್ದು ಈ ಚಳಿಗಾಲದಲ್ಲಿ ಇದೇ ಮೊದಲು. ಮೆಕ್ಯಾನಿಕ್ಕಿನ ಮುಖದಲ್ಲಿ ಮಾತ್ರ ಅರ್ಧ ಲೆಕ್ಕ ಮುಗಿದ ಕಳೆ. ಕಾರು ರಸ್ತೆಗೆ ಮುಖ ಮಾಡಿ ನಿಲ್ಲುವುದರಿಂದ ಮೇಷ್ಟ್ರು ದಿನಾ ಮೊದಲು ಹಾಕುವುದು ಡಿ. ಹಾಗಾಗಿ ಡಿಯೇ ಕೆಟ್ಟಿದೆ ಎಂದುಕೊಂಡಿದ್ದರು. ಯಾವುದನ್ನು ಮೊದಲು ಹಾಕಿದರೆ ಅದು ತಡವಾಗುತ್ತದೆ ಎಂದಾದ ಮೇಲೆ ದೋಷ ಡಿಯದಲ್ಲ. ಎಲ್ಲ ಗೇರಿಗೂ ಸೇರಿದ ಎಣ್ಣೆಯದು.

ಈ ಕವಲು ಮುಖ್ಯವಾದದ್ದು, ಸ್ವಲ್ಪ ನಿಂತು ನೋಡೋಣ. ಗೇರ್‌ಬಾಕ್ಸಿನ ಒಳಗೆ ತಟ್ಟೆಗಳ ಕಟ್ಟುಗಳಿವೆ, ಕ್ಲಚ್ ಪ್ಯಾಕು ಅನ್ನುತ್ತಾರೆ. ಪ್ರತಿ ಕಟ್ಟಿನ ಹಿಂದೆಯೂ ಒಂದು ಪಿಸ್ಟನ್ನು, ಅದರ ಸುತ್ತ ರಬ್ಬರಿನ ಸೀಲು. ಎಣ್ಣೆ ಪಿಸ್ಟನ್ನನ್ನು ಒತ್ತಿದಾಗ ತಟ್ಟೆಗಳು ಬಿಗಿಯಾಗಿ ಅಂಟಿಕೊಂಡು ಗೇರು ಹಿಡಿಯುತ್ತದೆ. ವರ್ಷಗಟ್ಟಲೆ ಕಾದು ಬೆಂದ ರಬ್ಬರು ಗಡುಸಾಗುತ್ತದೆ. ಬೆಳಗಿನ ತಣ್ಣನೆಯಲ್ಲಿ ಅದು ಇನ್ನಷ್ಟು ಗಡುಸು, ಗೋಡೆಗೆ ಸರಿಯಾಗಿ ಆತುಕೊಳ್ಳದು, ಎಣ್ಣೆ ಪಕ್ಕದಿಂದ ನುಸುಳಿ ಹೋಗುತ್ತದೆ. ಬಿಸಿಯಾದ ಮೇಲೆ ರಬ್ಬರು ಮೆತ್ತಗಾಗಿ ಎಲ್ಲ ಸರಿ. ಆದರೆ ಹೀಗೆ ಸೀಲು ಹೋಗಿದ್ದರೆ ಸಾಮಾನ್ಯವಾಗಿ ಒಂದು ಗೇರು ತಡ, ಇನ್ನೊಂದು ಸರಿ ಇರುತ್ತದೆ. ಆಗ ಗೇರ್‌ಬಾಕ್ಸು ಇಳಿಸಲೇಬೇಕು, ಖರ್ಚು ದೊಡ್ಡದು. ಎಲ್ಲವೂ ತಡವಾದರೆ ಎಣ್ಣೆಯ ಮಟ್ಟ, ಫಿಲ್ಟರು, ಪಂಪು, ಇಲ್ಲವೇ ರಾತ್ರಿಯೆಲ್ಲ ಕನ್ವರ್ಟರಿನಿಂದ ಎಣ್ಣೆ ಕೆಳಕ್ಕೆ ಸೋರಿ ಬರುವುದು, ಇವನ್ನು ನೋಡಬೇಕು. ಇವುಗಳಲ್ಲಿ ಅತಿ ಅಗ್ಗವಾದದ್ದನ್ನು ಮೊದಲು ನೋಡುವುದೇ ಒಳ್ಳೆಯ ಮೆಕ್ಯಾನಿಕ್ಕಿನ ಲಕ್ಷಣ. ನಮ್ಮಲ್ಲಿ ಹಲವರು ತಲೆಕೆಳಗಾಗಿ ಮಾಡುತ್ತಾರೆ.

ಬಿಸಿಯಾದ ಗೇರ್‌ಬಾಕ್ಸಿನಲ್ಲಿ ಎನ್‌ನಿಂದ ಡಿ ಬೀಳಲು 1.2 ಸೆಕೆಂಡು, ಆರ್ ಬೀಳಲು 1.5 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂದು ಟೊಯೋಟಾದ ರಿಪೇರಿ ಪುಸ್ತಕಗಳು ಹೇಳುತ್ತವೆ. ತಣ್ಣಗಿದ್ದಾಗ ಒಂದಿಷ್ಟು ರಿಯಾಯಿತಿ ಕೊಡಬಹುದು. ಆರು ಸೆಕೆಂಡಿಗೆ ಕೊಡಲಾಗದು.

"ಚಳಿಗೆ ಆಯಿಲ್ ಗಟ್ಟಿಯಾಗಿರ್ತೈತೆ, ಅಲ್ವಾ ಭಾಯ್?" ಮೇಷ್ಟ್ರ ಪ್ರಶ್ನೆ.

ಎಲ್ಲರೂ ಹೇಳುವುದು ಇದನ್ನೇ. ನಿಜವೂ ಹೌದು: 40 ಡಿಗ್ರಿಯಲ್ಲಿ ಇರುವುದಕ್ಕಿಂತ 12 ಡಿಗ್ರಿಯಲ್ಲಿ ಈ ಎಣ್ಣೆ ಮೂರು ಪಟ್ಟಾದರೂ ಮಂದವಾಗಿರುತ್ತದೆ. ಆದರೆ ಇದೇ ಜಾತಿಯ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಅಲ್ಲೂ ಹರಿಯಬೇಕೆಂಬುದು ಜನರಲ್ ಮೋಟರ್ಸಿನ ಡೆಕ್ಸ್ರಾನ್ ಮಾನದಂಡದ ಷರತ್ತು. ಕೆನಡಾದ ವಿನಿಪೆಗ್ಗಿನಲ್ಲೋ ಅಮೆರಿಕದ ಮಿನಿಯಾಪೊಲಿಸ್ಸಿನಲ್ಲೋ ಇರುವ ನಮ್ಮ ಹುಡುಗರನ್ನು ಕೇಳಿ, ರಾತ್ರಿ ಇಂಜಿನ್ನಿಗೆ ಕರೆಂಟು ಹೀಟರು ಸಿಕ್ಕಿಸಿ ಮಲಗುವ ಊರುಗಳು ಅವು. ಅಲ್ಲಿ ಕಾರು ಒಂದು ನಿಮಿಷ ಸತಾಯಿಸಿದರೆ ಚಳಿಯನ್ನು ದೂರಬಹುದು. ಬುಕ್ಕಾಪಟ್ಟಣದ 12 ಡಿಗ್ರಿ ಈ ಎಣ್ಣೆಗೆ ಚಳಿಯೇ ಅಲ್ಲ. ಇಲ್ಲಿ ಗೇರು ತಡವಾದರೆ ಅಪರಾಧಿ ಬೇರೆ ಇದ್ದಾನೆ, ಚಳಿ ಅವನನ್ನು ತೋರಿಸಿಕೊಡುವ ಸಾಕ್ಷಿ ಮಾತ್ರ.

ಬಾನೆಟ್ ಎತ್ತಿ. ಇಂಜಿನ್ನು ಓಡುತ್ತಲೇ ಇರಲಿ. ಮೇಷ್ಟ್ರು ಲಿವರನ್ನು ಪಿಯಿಂದ ಕೆಳತನಕ ಒಂದೊಂದೇ ಮನೆಗೆ ಇಳಿಸಿ ಮತ್ತೆ ಪಿಗೆ ತಂದರು. ಎಣ್ಣೆ ಎಲ್ಲ ಸಂದಿಗೂ ತುಂಬಿಕೊಳ್ಳಲಿ ಎಂದು ಹೀಗೆ ಮಾಡಿಸುವುದು. ಮೆಕ್ಯಾನಿಕ್ಕು ಡಿಪ್‌ಸ್ಟಿಕ್ ಎಳೆದ. ಒರೆಸಲು ಮೇಷ್ಟ್ರ ಮೊಮ್ಮಗ ಹಳೇ ಬನಿಯನ್ ತುಂಡು ತಂದುಕೊಟ್ಟ.

"ಬ್ಯಾಡ ಕಣಪ್ಪ ಅದು. ಒಂದು ಎಳೆ ನೂಲು ಒಳಗೆ ಹೋದ್ರೂ ಕಷ್ಟ." ಆತ ತನ್ನ ಚೀಲದಿಂದ ಟಿಶ್ಯೂ ಕಾಗದ ತೆಗೆದ. ಗೇರ್‌ಬಾಕ್ಸಿನ ವಾಲ್ವ್ ಬಾಡಿಯಲ್ಲಿ ಎಣ್ಣೆ ಓಡುವ ಸಂದುಗಳು ಅಷ್ಟು ಸೂಕ್ಷ್ಮ. ಹಳೇ ಬನಿಯನ್ನಿನ ನೂಲು ಅಲ್ಲಿ ಸಿಕ್ಕಿಕೊಂಡರೆ ವಾಲ್ವು ಅರ್ಧಕ್ಕೆ ನಿಲ್ಲುತ್ತದೆ.

ಒರೆಸಿ, ಅದ್ದಿ, ಮತ್ತೆ ಎಳೆದ. ಟಾರ್ಚು ಹತ್ತಿರ ತನ್ನಿ. ಕಡ್ಡಿಯ ತುದಿಯಲ್ಲಿ ಎರಡು ಜೊತೆ ಗೀಟುಗಳಿವೆ, ಕೆಳಗಿನದು ತಣ್ಣಗಿದ್ದಾಗಿನದು, ಮೇಲಿನದು ಬಿಸಿಯಾದಾಗಿನದು. ಎಣ್ಣೆ ಕೆಳಗಿನ ಗೀಟಿಗೂ ತಾಗಿಲ್ಲ. ಬಣ್ಣ ಚಹಾದ ಕಂದು. ಆತ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು, ಇನ್ನೊಂದನ್ನು ಬೆರಳ ನಡುವೆ ಉಜ್ಜಿ ಮೂಸಿದ. ನಿಮಗೂ ಮೂಸಲು ಕೊಟ್ಟ. ಹಳೇ ಎಣ್ಣೆಯ ವಾಸನೆ ಇದೆ, ಸುಟ್ಟ ಘಾಟಿಲ್ಲ. ಬೆರಳಿಗೆ ಮರಳಿನಂಥದ್ದೇನೂ ತಾಗುತ್ತಿಲ್ಲ. ಘಾಟು ಬಂದು, ಕಾಗದದ ಮೇಲೆ ಕಪ್ಪು ಪುಡಿ ಉಳಿದಿದ್ದರೆ ತಟ್ಟೆಗಳು ಸುಟ್ಟಿವೆ ಎಂದರ್ಥ. ಆಗ ಹೊಸ ಎಣ್ಣೆ ಹಾಕಿ ಪ್ರಯೋಜನವಿಲ್ಲ.

ಎಣ್ಣೆ ಕಡಿಮೆ ಇದ್ದರೆ ಮಧ್ಯಾಹ್ನ ಹೇಗೆ ಸರಿಹೋಗುತ್ತಿತ್ತು? ಗೇರ್‌ಬಾಕ್ಸಿನಲ್ಲಿರುವ ಆರೇಳು ಲೀಟರು ಎಣ್ಣೆ 12ರಿಂದ 80 ಡಿಗ್ರಿಗೆ ಏರಿದಾಗ ಸುಮಾರು ಕಾಲು ಲೀಟರಿಗಿಂತ ಹೆಚ್ಚೇ ಉಬ್ಬುತ್ತದೆ. ಪಂಪಿನ ಬಾಯಿ ಮುಳುಗಲು ಅಷ್ಟು ಸಾಕು. ಬೆಳಿಗ್ಗೆ ಎಣ್ಣೆ ಕುಗ್ಗಿರುತ್ತದೆ, ಮಂದವಾಗಿರುತ್ತದೆ, ಪಂಪು ಗಾಳಿ ಎಳೆಯುತ್ತದೆ. ಹನ್ನೊಂದು ಗಂಟೆಯ ಗ್ಯಾರೇಜಿಗೆ ಇದು ಕಾಣಿಸದೇ ಇದ್ದದ್ದು ಹೀಗೆ.

ಕಡ್ಡಿಯ ಕೊಳವೆಗೆ ಸಣ್ಣ ಆಲಿಕೆ ಇಟ್ಟು ಎಣ್ಣೆ ಹಾಕಬೇಕು. ಕಾರಿನ ಪುಸ್ತಕ ಯಾವುದನ್ನು ಹೇಳಿದೆಯೋ ಅದೇ ಎಣ್ಣೆ. "ಕೆಂಪಗಿದ್ರೆ ಸಾಕು, ಪವರ್ ಸ್ಟೀರಿಂಗಿಗೆ ಹಾಕೋದನ್ನೇ ಹಾಕ್ತಾರೆ ಕೆಲವ್ರು" ಎಂದು ಆತ ಗೊಣಗಿದ. ಎಣ್ಣೆಯ ಗುಣದಲ್ಲಿ ಸ್ವಲ್ಪ ಏರುಪೇರಾದರೂ ಏನಾಗುತ್ತದೆ ಎಂಬುದಕ್ಕೆ ಒಂದು ವಿಚಿತ್ರ ಕಥೆಯಿದೆ. ಹಿಂದೆ ಅಮೆರಿಕದ ಗೇರ್‌ಬಾಕ್ಸ್ ಎಣ್ಣೆಗಳಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಟ್ಟೆಗಳು ಜಾರುತ್ತ ಹದವಾಗಿ ಹಿಡಿಯಲು ಅದು ಬೇಕಿತ್ತು. 1970ರ ದಶಕದ ಆರಂಭದಲ್ಲಿ ತಿಮಿಂಗಿಲವನ್ನು ಉಳಿಸಲು ಕಾನೂನು ಬಂದು ಆ ಎಣ್ಣೆ ನಿಂತಿತು, ಬದಲಿ ಎಣ್ಣೆ ಹದಕ್ಕೆ ಬರುವ ತನಕ ಅಲ್ಲಿ ಗೇರ್‌ಬಾಕ್ಸುಗಳು ಕೆಡುವುದು ಹೆಚ್ಚಿತು. ಮೆಕ್ಯಾನಿಕ್ಕು ಇನ್ನೂರು ಮಿಲಿ ಹಾಕಿ ನೋಡಿದ, ಮತ್ತೆ ಇನ್ನೂರು, ಮತ್ತೊಂದಿಷ್ಟು. ಒಂದೇ ಸಲ ಸುರಿಯುವುದಿಲ್ಲ. ಹೆಚ್ಚಾದರೆ ತಿರುಗುವ ಗೇರು ಎಣ್ಣೆಯನ್ನು ನೊರೆ ಮಾಡಿಬಿಡುತ್ತದೆ, ಕಡಿಮೆ ಇದ್ದಷ್ಟೇ ಕೇಡು.

ಕುಂಯ್ ಸದ್ದು ಅಡಗಿತು.

"ಸೀಲು ಮೆತ್ತಗಾಗೋ ಔಷಧಿ ಬರ್ತೈತಂತಲ್ಲ, ಬಾಟ್ಲಿಲಿ?"

"ಬ್ಯಾಡ ಮೇಷ್ಟ್ರೇ. ಚೆನ್ನಾಗಿರೋ ಸೀಲನ್ನೂ ಉಬ್ಬುಸ್ತೈತೆ ಅದು. ಸೋರ್ತಾ ಇರೋದು ಚಕ್ರದ ಕಡೆ ಆಕ್ಸಲ್ ಸೀಲು, ರಟ್ಟಿನ ಮೇಲೆ ಕಲೆ ಬಿದ್ದಿದ್ದು ಅದರಿಂದ್ಲೇ. ಹೊಸದು ಹಾಕಿದ್ರೆ ಮುಗೀತು."

ಎಲ್ಲರೂ ಹತ್ತಿ. ಬಿಸಿ ಮಟ್ಟ ನೋಡಬೇಕಾದರೆ ಕಾರು ಓಡಲೇಬೇಕು, ಹೇಗೂ ಶಿರಾಕ್ಕೆ ಹೋಗಬೇಕು. ಊರು ದಾಟುವವರೆಗೆ ನಿಧಾನ. ಈ ಸುತ್ತಿನ ಕುರುಚಲು ಕಾಡಿಗೆ 2019ರಲ್ಲಿ ಚಿಂಕಾರ ವನ್ಯಧಾಮವೆಂದು ಹೆಸರಾಯಿತು. ಈ ಹೊತ್ತಿನಲ್ಲಿ ಏನು ಅಡ್ಡ ಬಂದೀತೋ ಹೇಳಲಾಗದು, ಚಿಂಕಾರವಲ್ಲದಿದ್ದರೂ ಕುರಿಮಂದೆಯಂತೂ ಖಂಡಿತ. ಒಂದರಿಂದ ಎರಡು, ಎರಡರಿಂದ ಮೂರು, ನುಣ್ಣಗೆ ಬಿದ್ದವು. ರಸ್ತೆ ನೇರವಾಯಿತು. ಅರವತ್ತು. ಎಪ್ಪತ್ತು. ಇಂಜಿನ್ನು ಮಾತ್ರ ಏರುದನಿಯಲ್ಲೇ ಕೂಗುತ್ತಿದೆ, ಮುಳ್ಳು 3,000ದಿಂದ ಕೆಳಗಿಳಿಯದು. ನಾಲ್ಕನೇ ಗೇರು ಬಿದ್ದಿಲ್ಲ.

"ಯಾವಾಗಿಂದ ಹಿಂಗೆ?"

"ಚಳಿ ಶುರುವಾದ್ಮೇಲೆ. ಮೈಲೇಜೂ ಬಿದ್ದೋಗೈತೆ."

ಮುಗಿಯಿತು ಎಂದುಕೊಂಡಿದ್ದಿರಿ. ಇದು ಎರಡನೆಯ ರೋಗ, ಮೊದಲನೆಯದರ ನೆರಳಲ್ಲಿ ಅಡಗಿತ್ತು. ಮೆಕ್ಯಾನಿಕ್ಕು ಸ್ಟೀರಿಂಗಿನ ಕೆಳಗಿನ ಪೋರ್ಟಿಗೆ ಬೆರಳುದ್ದದ ಸ್ಕ್ಯಾನರು ಸಿಕ್ಕಿಸಿ ಮೊಬೈಲನ್ನು ನಿಮ್ಮ ಕೈಗೆ ಕೊಟ್ಟ. "ಕೂಲಂಟ್ ಅಂತ ಐತಲ್ಲ, ಅದನ್ನ ಓದ್ತಾ ಇರಿ." 54. 56. ಒಂದು ಇಳಿಜಾರು, 53. ಮತ್ತೆ 57. ಶಿರಾ ಹತ್ತಿರವಾಗುತ್ತ ಬಂದರೂ 60 ದಾಟಲಿಲ್ಲ. ಆರೋಗ್ಯವಾದ ಇಂಜಿನ್ನಾದರೆ ಇಷ್ಟು ಹೊತ್ತಿಗೆ 80ರ ಮೇಲಿರಬೇಕು.

ಗಾಡಿ ಪಕ್ಕಕ್ಕೆ ಹಾಕಿಸಿ, ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಆತ ಹಿಸುಕಿ ನೋಡಿದ. ಅದರ ಬುಡದಲ್ಲಿ ಥರ್ಮೋಸ್ಟಾಟ್ ವಾಲ್ವು ಇರಬೇಕು. ನೀರು ಬಿಸಿಯಾಗುವ ತನಕ ರೇಡಿಯೇಟರಿನ ದಾರಿ ಮುಚ್ಚಿಟ್ಟುಕೊಳ್ಳುವುದು ಅದರ ಕೆಲಸ. ಇಲ್ಲಿ ಅದು ಇದ್ದ ಹಾಗಿಲ್ಲ.

"ಇದನ್ನ ಯಾರು ತೆಗೆದ್ರು ಮೇಷ್ಟ್ರೇ?"

ಮೇಷ್ಟ್ರು ಯೋಚಿಸಿದರು. ಹಿಂದೊಂದು ಬೇಸಿಗೆಯಲ್ಲಿ ಪಾವಗಡದ ಕಡೆ ಮದುವೆಗೆ ಹೋಗಿದ್ದಾಗ ಕಾರು ಹೀಟಾಗಿ ನಿಂತಿತ್ತು. ತಿರುಮಣಿ ಸುತ್ತ 13,000 ಎಕರೆಗೆ ಸೋಲಾರ್ ಹಲಗೆ ಹಾಸುವಂತೆ ಮಾಡಿದ ಬಿಸಿಲು ಅದು. ದಾರಿಬದಿಯ ಯಾರೋ "ನಮ್ ಕಡೆ ಬಿಸಿಲಿಗೆ ಈ ವಾಲ್ವು ಬ್ಯಾಡ ಸಾರ್" ಎಂದು ಕಿತ್ತು ಕೈಗೆ ಕೊಟ್ಟಿದ್ದರು. ಈ ವಾಲ್ವು ಅಪರಾಧಿಯೆಂಬ ನಂಬಿಕೆ ಮಧುಗಿರಿ, ಕೊರಟಗೆರೆ, ಶಿರಾ, ಎಲ್ಲ ಕಡೆಯ ಗ್ಯಾರೇಜುಗಳಲ್ಲೂ ಬೇರು ಬಿಟ್ಟಿದೆ. ಬೇಸಿಗೆಯಲ್ಲಿ ಅದರ ಕೆಡುಕು ಕಾಣುವುದಿಲ್ಲ. ಚಳಿಗಾಲದಲ್ಲಿ ನೀರು ಸದಾ ರೇಡಿಯೇಟರಿಗೆ ಓಡಿ ತಣ್ಣಗಾಗುತ್ತಲೇ ಇರುತ್ತದೆ. ಇಂಜಿನ್ನು ಇನ್ನೂ ಬೆಚ್ಚಗಾಗಿಲ್ಲ ಎಂದುಕೊಂಡ ಕಂಪ್ಯೂಟರು, ಬಹಳ ಕಾರುಗಳಲ್ಲಿ, ಟಾಪ್ ಗೇರನ್ನೂ, ಓಟದಲ್ಲಿ ಇಂಜಿನ್ನು ಗೇರುಗಳನ್ನು ನೇರ ಜೋಡಿಸುವ ಕನ್ವರ್ಟರಿನ ಲಾಕನ್ನೂ ತಡೆಹಿಡಿಯುತ್ತದೆ. ಪೆಟ್ರೋಲನ್ನೂ ಧಾರಾಳವಾಗಿ ಬಿಡುತ್ತದೆ. ಇನ್ನೊಂದು ಸಂಬಂಧವೂ ಉಂಟು. ಗೇರ್‌ಬಾಕ್ಸಿನ ಎಣ್ಣೆಯ ಪೈಪು ಹಾದು ಬರುವುದು ಇದೇ ರೇಡಿಯೇಟರಿನ ತೊಟ್ಟಿಯೊಳಗೆ. ಬೇಸಿಗೆಯಲ್ಲಿ ಆ ನೀರು ಎಣ್ಣೆಯನ್ನು ತಣಿಸುತ್ತದೆ, ಚಳಿಯಲ್ಲಿ ಬೆಚ್ಚಗೆ ಮಾಡಬೇಕು. ನೀರೇ ತಣ್ಣಗಿದ್ದರೆ ಎಣ್ಣೆ ಉಬ್ಬಿ ಪಂಪಿನ ಬಾಯಿ ಮುಚ್ಚುವುದೂ ತಡವಾಗುತ್ತದೆ. ಎರಡು ರೋಗಗಳು ಒಂದರ ಕೈ ಒಂದು ಹಿಡಿದುಕೊಂಡಿದ್ದವು.

ಶಿರಾದ ವರ್ಕ್‌ಶಾಪಿನಲ್ಲಿ ಕಾರು ರ‍್ಯಾಂಪಿಗೆ ಏರಿತು. ಎಡ ಆಕ್ಸಲ್ ಈಚೆಗೆ ಬಂತು. ಸೀಲಿನ ಒಳಅಂಚನ್ನು ಉಗುರಿನಿಂದ ಒತ್ತಿದರೆ ಬಗ್ಗಲಿಲ್ಲ, ಟಿಕ್ ಎಂದು ಒಂದು ಚೂರು ಮುರಿದು ಬಿತ್ತು. ಹಳೇ ಎಣ್ಣೆಯನ್ನು ಮೆಷಿನ್ ಹಾಕಿ ಪೂರ್ತಿ ತೊಳೆಯೋಣವೇ ಎಂದು ವರ್ಕ್‌ಶಾಪಿನ ಹುಡುಗ ಕೇಳಿದ್ದಕ್ಕೆ ಭಾಯ್ ಒಪ್ಪಲಿಲ್ಲ. ಕೆಳಗಿನ ನಟ್ಟು ಬಿಚ್ಚಿ ಇಳಿದಷ್ಟನ್ನು ಇಳಿಸು, ಅಷ್ಟೇ ಹೊಸದು ಹಾಕು, ಮುಂದಿನ ತಿಂಗಳು ಇನ್ನೊಂದು ಸಲ. ಇಷ್ಟು ವಯಸ್ಸಾದ ಗೇರ್‌ಬಾಕ್ಸಿಗೆ ಒತ್ತಡದ ಸ್ನಾನ ಮಾಡಿಸಿದರೆ ತಳದ ಗಸಿಯೆಲ್ಲ ಎದ್ದು ವಾಲ್ವಿಗೆ ಹೋಗಬಹುದು ಎಂಬುದು ಆತನ ಲೆಕ್ಕ. ನನಗೂ ಅದೇ ಸರಿ ಅನ್ನಿಸುತ್ತದೆ.

ಅಂಗಡಿಯಿಂದ ಥರ್ಮೋಸ್ಟಾಟ್ ಬಂತು. ಕೂಡಿಸುವ ಮುಂಚೆ ಆತ ಅದನ್ನು ಚಹಾ ಕಾಯಿಸುವ ಪಾತ್ರೆಯಲ್ಲಿ ನೀರಿಗೆ ಹಾಕಿ ಒಲೆ ಹಚ್ಚಿದ. ನೀರು ಕುದಿಯಲು ಸ್ವಲ್ಪ ಮುಂಚೆ ನಡುವಿನ ಬಿಲ್ಲೆ ಮೆಲ್ಲಗೆ ಮೇಲೆದ್ದಿತು. ಸರಿ ಇದೆ.

"ಬ್ಯಾಸಿಗೆ ಬಂದ್ರೆ ಮತ್ತೆ ಹೀಟಾಗಲ್ವಾ ಭಾಯ್? ಆವಾಗ ತೆಗೆಸ್ಬಿಡ್ಲಾ?"

ಆತ ಉತ್ತರ ಕೊಡಲಿಲ್ಲ. ಇಂಜಿನ್ನು ಸ್ಟಾರ್ಟ್ ಮಾಡಿ ಎಸಿ ಸ್ವಿಚ್ ಒತ್ತಿದ. "ಎಸಿ ನಾನು ಹಾಕೋದೇ ಇಲ್ಲ, ಪೆಟ್ರೋಲ್ ಕುಡೀತದೆ" ಎಂದರು ಮೇಷ್ಟ್ರು. ಎಸಿ ಹಾಕಿದರೆ ರೇಡಿಯೇಟರಿನ ಫ್ಯಾನು ತಿರುಗಬೇಕು. ತಿರುಗಲಿಲ್ಲ.

ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಹಾರನ್ನಿನ ರಿಲೇ ಕಿತ್ತು ಫ್ಯಾನಿನ ಜಾಗಕ್ಕೆ ಸಿಕ್ಕಿಸಿದ. ಫ್ಯಾನು ಭರ್ ಎಂದು ಹೊರಟಿತು.

"ಪಾವಗಡದಲ್ಲಿ ಕೆಟ್ಟಿದ್ದು ಇದು ಮೇಷ್ಟ್ರೇ. ಲೇ ತಮ್ಮಾ, ಒಂದು ರಿಲೇ ತಗೊಂಬಾ. ಈ ಗಾಡಿಗೀಗ ಹಾರನ್ ಇಲ್ಲ."